ಜೊತೆಗೆ ಓರಗೆಯವರೊಬ್ಬರಿರಲಿ

(ರೋಗಿಗಳು ಮತ್ತು ಬಂಧುಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಸಾರ)



ಕ್ಯಾನ್ಸರ್ ವಯಸ್ಸಾದವರ ಕಾಯಿಲೆ ಎಂಬ ಭಾವನೆ ನಮ್ಮ ಕಡೆ ಇದೆ. ಆದರೆ ರಕ್ತದ ಕ್ಯಾನ್ಸರ್, ಮೂಳೆಯ ಕ್ಯಾನ್ಸರ್ ಮೊದಲಾದವು ಇಪ್ಪತ್ತರ ಹರೆಯದವರಿಗೂ ಬರುತ್ತವೆ. ಆ ವಯಸ್ಸಿನವರ ಚಿಂತೆಗಳೇ ಬೇರೆ. ನಿಂತ ಓದು ಮುಂದುವರಿಯುತ್ತದೆಯೇ? ಕೆಲಸ ಉಳಿಯುತ್ತದೆಯೇ? ಮದುವೆಗೆ ಯಾರು ಒಪ್ಪುತ್ತಾರೆ? ಮಕ್ಕಳಾಗುತ್ತವೆಯೇ? ಇದನ್ನೆಲ್ಲ ಹೇಳಿದರೆ ಅಮ್ಮ ಅಳುತ್ತಾಳೆಂದು ಮಕ್ಕಳು ನುಂಗಿಕೊಳ್ಳುತ್ತಾರೆ. ಮಕ್ಕಳು ಹೆದರುತ್ತಾರೆಂದು ಹಿರಿಯರೂ ಬಾಯಿ ಬಿಡುವುದಿಲ್ಲ.

ಇಂಥ ಹೊತ್ತಿನಲ್ಲಿ ಅದೇ ಕಷ್ಟ ದಾಟಿದ ಓರಗೆಯವರ ಮಾತು ಧೈರ್ಯ ಕೊಡುತ್ತದೆ. ಮುಂಬೈಯಲ್ಲಿ 1951ರಲ್ಲಿ ಆರಂಭವಾದ ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಆಶ್ರಯದಲ್ಲಿ 2009ರಲ್ಲಿ ‘ಉಗಮ್’ ಎಂಬ ಕೂಟ ಹುಟ್ಟಿತು. ಬಾಲ್ಯದಲ್ಲಿ ಕ್ಯಾನ್ಸರ್ ಬಂದು ಗುಣವಾದ ಯುವಕ ಯುವತಿಯರೇ ಅದರ ಸದಸ್ಯರು.

ನಮ್ಮ ಕಡೂರು, ತರೀಕೆರೆ, ಅಜ್ಜಂಪುರದಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋದವರು ಒಂದೇ ಸಾಲಿನಲ್ಲಿ ಕುಳಿತರೂ ಪಕ್ಕದವರು ನಮ್ಮ ಕಡೆಯವರೆಂದು ತಿಳಿಯದೇ ಇರಬಹುದು. ಆದ್ದರಿಂದ ಕೇಳಲು ಸಂಕೋಚ ಬೇಡ. ವೈದ್ಯರನ್ನೋ ದಾದಿಯರನ್ನೋ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನೋ ಹೀಗೆ ಕೇಳಿ: “ನನ್ನ ವಯಸ್ಸಿನವರು, ಇಂಥದೇ ಚಿಕಿತ್ಸೆ ಮುಗಿಸಿದವರು ಯಾರಾದರೂ ನನ್ನ ಜೊತೆ ಮಾತಾಡಲು ಒಪ್ಪುತ್ತಾರೆಯೇ?” ಇಬ್ಬರೂ ಒಪ್ಪಿದ ಮೇಲೆ ಫೋನ್ ನಂಬರ್ ಕೊಡಿಸಬಹುದು. ಕೀಮೋ ನಡೆಯುವಾಗ ಬಿಳಿ ರಕ್ತಕಣಗಳು ಕಡಿಮೆಯಾಗಿ ಸೋಂಕು ಬೇಗ ತಗಲುತ್ತದೆ. ಆಗ ಫೋನಿನಲ್ಲಿ ಮಾತಾಡುವುದೇ ಕ್ಷೇಮ.

ಕೆಲವು ಎಚ್ಚರಿಕೆಗಳು. ಕಾಯಿಲೆಯ ಹೆಸರು ಒಂದೇ ಆದರೂ ಔಷಧಿ ಬೇರೆಯಾಗಬಹುದು. ಗೆಳೆಯರ ಮಾತು ಕೇಳಿ ಮಾತ್ರೆ ಬಿಡುವುದು, ನಾಟಿ ಮದ್ದು ಸೇರಿಸುವುದು ಬೇಡ. ಕೆಲವು ಚಿಕಿತ್ಸೆಗಳಿಂದ ಮಕ್ಕಳಾಗುವ ಶಕ್ತಿ ಕುಗ್ಗಬಹುದು. ವೀರ್ಯ ಅಥವಾ ಅಂಡಾಣುಗಳನ್ನು ಮೊದಲೇ ತೆಗೆದು ಕಾಪಿಡುವ ವ್ಯವಸ್ಥೆ ದೊಡ್ಡ ಊರುಗಳಲ್ಲಿದೆ. ಚಿಕಿತ್ಸೆ ಶುರುವಾಗುವ ಮುಂಚೆಯೇ ನಾಚದೆ ವೈದ್ಯರನ್ನು ಕೇಳಿ.

ಜೊತೆಗಾರರಿಗೆ ಕಾಯಿಲೆ ಮರುಕಳಿಸಿತೆಂದೋ ಅವರು ತೀರಿಕೊಂಡರೆಂದೋ ಸುದ್ದಿ ಬಂದರೆ ನಿಮಗೂ ಭಯವಾಗುವುದು ಸಹಜ. ಅವರಿಗಾದದ್ದು ನಿಮಗೂ ಆಗಲೇಬೇಕೆಂದಿಲ್ಲ. ಆ ಭಯವನ್ನು ವೈದ್ಯರ ಹತ್ತಿರ ಹೇಳಿಕೊಳ್ಳಿ. ಮನಸ್ಸು ತಾಳದಿದ್ದರೆ 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಎನ್ನದೆ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ಶುಲ್ಕವಿಲ್ಲ.

ತಾಯಿ ತಂದೆಯರಲ್ಲಿ ಒಂದು ವಿನಂತಿ. ಮಗನೋ ಮಗಳೋ ಗೆಳೆಯರ ಜೊತೆ ಮಾತಾಡುವಾಗ ಸ್ವಲ್ಪ ಹೊರಗೆ ಹೋಗಿ ಕಾಫಿ ಕುಡಿದು ಬನ್ನಿ. ಏನು ಮಾತಾಡಿದೆ ಎಂದು ಕೆದಕಬೇಡಿ. ನಿಮ್ಮ ಮೇಲಿನ ಪ್ರೀತಿ ಅದರಿಂದ ಕಡಿಮೆಯಾಗುವುದಿಲ್ಲ. ಕ್ಯಾನ್ಸರ್ ಮುಟ್ಟಿದರೆ ಅಂಟುವುದಿಲ್ಲ ಎಂದು ನೆಂಟರಿಗೂ ನೆರೆಯವರಿಗೂ ತಿಳಿಸಿ, ಹಳೆಯ ಸ್ನೇಹಿತರನ್ನೂ ಮನೆಗೆ ಕರೆಯಿರಿ.

ಚಿಕಿತ್ಸೆ ಮುಗಿಸಿ ತಪಾಸಣೆಗೆ ಬರುವ ತಮ್ಮಂದಿರೇ, ತಂಗಿಯರೇ, ನಿಮಗೆ ಮನಸ್ಸಿದ್ದರೆ ಹೆಸರು ಕೊಟ್ಟು ಹೋಗಿ. ಇಂದು ಹೊಸದಾಗಿ ಸೇರಿದವರೊಬ್ಬರು ನಿಮ್ಮ ಮಾತಿಗೆ ಕಾಯುತ್ತಿರಬಹುದು.