ಚಳಿಜ್ವರವನ್ನು ಮೈ ಮರೆಯುವ ಬಗೆ



ಕಳಸದ ಬಳಿಯ ಹೊರನಾಡಿನಲ್ಲಿ ನಿಂತು ಚಳಿಜ್ವರದ, ಅಂದರೆ ಮಲೇರಿಯಾದ, ಮಾತಾಡುವಾಗ ಮುಂದಿನ ಸಾಲಿನ ಹಿರಿಯರಿಗೆ ನಾನು ಹೇಳಿಕೊಡಬೇಕಾದ್ದು ಕಡಿಮೆ. ಕ್ವಿನೈನಿನ ಕಹಿ, ಎಡಪಕ್ಕೆಯಲ್ಲಿ ಗುಲ್ಮ ಊದಿ ಆಗುವ ಜ್ವರಗಡ್ಡೆ ಎಂದರೇನೆಂದು ಕೇಳಬೇಕಾದವರು ಹಿಂದೆ ಕೂತಿರುವ ಹುಡುಗರು.

1920ರ ದಶಕದ ಕೊನೆಗೆ ಮೈಸೂರು ಸರ್ಕಾರ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಕೇಂದ್ರಗಳನ್ನು ತೆರೆದಾಗ ಅವುಗಳಲ್ಲೊಂದು ಮೂಡಿಗೆರೆಗೆ ಬಂತು. ಮಲೆಸೀಮೆಯ ಮುಖ್ಯ ಅಪರಾಧಿ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಕೊಳಚೆಯ ಸೊಳ್ಳೆಯಲ್ಲ. ಮೆಲ್ಲಗೆ ಹರಿಯುವ ತಿಳಿನೀರಿನ ಅಂಚಿನಲ್ಲಿ ಮೊಟ್ಟೆಯಿಡುವಂಥದ್ದು. ನಾವು ಹಾಡಿ ಹೊಗಳುವ ಹಳ್ಳಗಳೇ ಅದರ ತೊಟ್ಟಿಲು.

ಈ ಜ್ವರ ಬೇರೂರಿದ ನಾಡುಗಳಲ್ಲೆಲ್ಲ ಹೊಸದಾಗಿ ಬಂದವರು ಹಾಸಿಗೆ ಹಿಡಿಯುತ್ತಾರೆ, ಹುಟ್ಟಿ ಬೆಳೆದವರು ರಕ್ತದಲ್ಲಿ ರೋಗಾಣು ಇದ್ದರೂ ಕೆಲಸಕ್ಕೆ ಹೋಗುತ್ತಾರೆ. ಆ ತಾಳಿಕೆ ಪುಕ್ಕಟೆಯದಲ್ಲ. ಬಾಲ್ಯದಲ್ಲಿ ಮತ್ತೆ ಮತ್ತೆ ನರಳಿ, ಜತೆಯ ಮಕ್ಕಳನ್ನು ಕಳೆದುಕೊಂಡು ಗಳಿಸಿದ್ದು. ದಡಾರ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವಮಾನಕ್ಕೆ ಸಾಕು. ಮಲೇರಿಯಾ ಹಾಗಲ್ಲ. ಫಾಲ್ಸಿಪೇರಮ್ ರೋಗಾಣುವಿನ ಬಳಿ ಸುಮಾರು ಅರವತ್ತು ಅಂಗಿಗಳಿವೆ. ಒಂದನ್ನು ಮೈ ಗುರುತಿಸುವ ಹೊತ್ತಿಗೆ ಅದು ಇನ್ನೊಂದನ್ನು ತೊಟ್ಟಿರುತ್ತದೆ.

ಸೊಳ್ಳೆ ಕಚ್ಚುವುದು ನಿಂತರೆ ಏನಾಗುತ್ತದೆ? ರಕ್ತದಲ್ಲಿರುವ ಪ್ರತಿಕಾಯಗಳಲ್ಲಿ ಬಹುಪಾಲು ತಿಂಗಳುಗಳಲ್ಲೇ ಇಳಿಯತೊಡಗುತ್ತವೆ. ಆದರೆ ಹಳೆಯ ರೋಗಾಣುವಿನ ಗುರುತು ಇಟ್ಟುಕೊಳ್ಳುವ ನೆನಪಿನ ಕೋಶಗಳು ಅಷ್ಟು ಬೇಗ ಸಾಯವು. ವಿದೇಶದಲ್ಲಿ ಮಲೇರಿಯಾ ತಗುಲಿಸಿಕೊಂಡು ಮರಳಿದ ಸ್ವೀಡನ್ನಿನ ಪ್ರಯಾಣಿಕರಲ್ಲಿ ಹತ್ತು ವರ್ಷ ಕಳೆದ ಮೇಲೂ ಅವು ಸಿಕ್ಕಿವೆ. ಮಡಗಾಸ್ಕರಿನ ಬೆಟ್ಟಸೀಮೆಯ ಕಥೆಯಂತೂ ನಮ್ಮದೇ ಅನ್ನಿಸುತ್ತದೆ. ದಶಕಗಳ ಬಿಡುವಿನ ನಂತರ 1980ರ ದಶಕದಲ್ಲಿ ಅಲ್ಲಿ ಜ್ವರ ಮರಳಿದಾಗ, ಹಳೆಯ ಕಾಲದ ಜ್ವರ ಕಂಡಿದ್ದ ಹಿರಿಯರು ಕಿರಿಯರಿಗಿಂತ ಚೆನ್ನಾಗಿ ತಡೆದುಕೊಂಡರು. ಹಾಗಾಗಿ ಮೈ ಪೂರ್ತಿ ಮರೆಯುತ್ತದೆ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮೈ ಮರೆಯುವುದು ತುರ್ತನ್ನು: ನೆನಪಾಗಿ ಎದ್ದು ನಿಲ್ಲುವಷ್ಟರಲ್ಲಿ ಜ್ವರ ಏರಿರುತ್ತದೆ.

ನಮ್ಮಲ್ಲಿ 1953ರ ರಾಷ್ಟ್ರೀಯ ಕಾರ್ಯಕ್ರಮ, ಮನೆ ಗೋಡೆಗೆ ಹೊಡೆದ ಡಿಡಿಟಿ ಇವುಗಳಿಂದ ಜ್ವರ ಇಳಿಯಿತು. 1965ರಲ್ಲಿ ದೇಶದಲ್ಲಿ ದಾಖಲಾದ ಪ್ರಕರಣ ಸುಮಾರು ಒಂದು ಲಕ್ಷ. 1976ರಲ್ಲಿ 64 ಲಕ್ಷ! ನಿಗಾ ಸಡಿಲಿಸಿದ್ದಕ್ಕೆ ತೆತ್ತ ದಂಡವೂ ಅದರಲ್ಲಿತ್ತು.

ಇವತ್ತು ಕಳಸದ ತೋಟಗಳ ಲೈನ್ ಮನೆಗಳಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯ ಕಾರ್ಮಿಕರಿದ್ದಾರೆ. ಅವರನ್ನು ರೋಗ ತರುವವರೆಂದು ನೋಡುವ ಚಾಳಿ ನಮಗಿದೆ. ಅದು ಅರ್ಧ ಸತ್ಯ, ಪೂರಾ ಅನ್ಯಾಯ. ವರ್ಷಗಟ್ಟಲೆ ಇಲ್ಲಿದ್ದು ರಕ್ಷಣೆ ಸಡಿಲಾದ ಮೇಲೆ ಜ್ವರದ ಸೀಮೆಯ ಊರಿಗೆ ಮರಳಿದರೆ ಅಪಾಯ ಅವರಿಗೇ. ಜ್ವರವಿನ್ನೂ ಇರುವ ಆಫ್ರಿಕದ ಕಡೆಗೆ ಹೋಗುವ ನಮ್ಮ ಮಕ್ಕಳಿಗಂತೂ ಮರೆಯಲು ನೆನಪೇ ಇಲ್ಲ.

ತೋಟದ ಮಾಲೀಕರಲ್ಲಿ ನನ್ನ ಕೋರಿಕೆ ಇಷ್ಟೇ. ಊರಿಂದ ಬಂದ ಆಳಿಗೆ ಜ್ವರ ಕಂಡರೆ ಅಂಗಡಿ ಮಾತ್ರೆ ಕೊಟ್ಟು ಕೆಲಸಕ್ಕೆ ಹಚ್ಚಬೇಡಿ, ಆಸ್ಪತ್ರೆಗೆ ಕಳಿಸಿ. ವೈವಾಕ್ಸ್ ಎಂಬ ಬಗೆಯ ಮಲೇರಿಯಾ ಆದರೆ ರೋಗಾಣು ಯಕೃತ್ತಿನಲ್ಲಿ ಅಡಗಿ ತಿಂಗಳುಗಳ ಮೇಲೆ ಮತ್ತೆ ಏಳುತ್ತದೆ. ಅದಕ್ಕೇ ವೈದ್ಯರು ಬರೆದ ಪ್ರೈಮಾಕ್ವಿನ್ ಮಾತ್ರೆಯನ್ನು ಜ್ವರ ಬಿಟ್ಟಮೇಲೂ ಮುಗಿಸಲು ಹೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಮಲೇರಿಯಾದ ರಕ್ತಪರೀಕ್ಷೆಗೆ ದುಡ್ಡು ಕೊಡಬೇಕಾಗಿಲ್ಲ.