ಒಂದು ತಂತಿ, ನಾಲ್ಕು ಕೋಣೆ: ಹಂಚಿಕೊಂಡ ಮನೆಗೆ ರೌಟರ್ ಆರಿಸುವುದು ಹೇಗೆ?

(ನಮ್ಮ ಬಳಗದ ತಿಂಗಳ ಭೇಟಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಕೆಲಸಕ್ಕೆಂದು ಹೊರನಾಡಿಗೆ ಬಂದ ನಮ್ಮಲ್ಲಿ ಬಹಳ ಮಂದಿ ಮೊದಲ ಕೆಲವು ವರ್ಷ ಮನೆ ಹಂಚಿಕೊಂಡೇ ಇರುತ್ತೇವೆ. ಬಾಡಿಗೆ ನಾಲ್ಕು ಪಾಲು, ದಿನಸಿ ನಾಲ್ಕು ಪಾಲು, ಅಂತರಜಾಲದ ಬಿಲ್ಲೂ ನಾಲ್ಕು ಪಾಲು. ಕೋಣೆಗಳ ನಡುವೆ ಗೋಡೆ ಇದೆ, ಫ್ರಿಜ್‌ನಲ್ಲಿ ಬೇರೆ ಬೇರೆ ಅರೆ ಇದೆ. ಅಂತರಜಾಲಕ್ಕೆ ಮಾತ್ರ ಇಂಥ ಯಾವ ಗಡಿಯೂ ಇಲ್ಲ. ಒಬ್ಬರು ಮಾಡಿದ್ದರ ಫಲ ಉಳಿದ ಮೂವರಿಗೂ ತಟ್ಟುತ್ತದೆ. ಮನೆಯಿಂದಲೇ ಕಚೇರಿ ಕೆಲಸ ಮಾಡುವವರಿಗೆ ಇದು ಹೊಟ್ಟೆಪಾಡಿನ ವಿಷಯ. ಊರಿನಲ್ಲಿರುವ ಅಪ್ಪ ಅಮ್ಮನ ಮುಖವನ್ನು ತೆರೆಯ ಮೇಲಷ್ಟೇ ನೋಡುವವರಿಗೆ ಅದಕ್ಕಿಂತ ದೊಡ್ಡ ವಿಷಯ.

ನಾನಿಂದು ಹೇಳಬೇಕೆಂದಿರುವುದು ಒಂದೇ ಮಾತು. ಡಬ್ಬಿಯ ಮೇಲಿನ ಅಂಕಿ ನೋಡಿ ಉಪಕರಣ ಕೊಳ್ಳಬೇಡಿ, ನಿಮ್ಮ ಮನೆಯ ಅತಿ ಗದ್ದಲದ ಒಂದು ಗಂಟೆಯನ್ನು ನೋಡಿ ಕೊಳ್ಳಿ.

ಆ ಒಂದು ಗಂಟೆಯ ಲೆಕ್ಕ

ಕ್ಯಾಲಿಫೋರ್ನಿಯಾದಲ್ಲಿ ನಾಲ್ವರು ಇರುವ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಎಂಟೂವರೆಯಾದಾಗ ಬೆಂಗಳೂರಿನಲ್ಲಿ ಮರುದಿನ ಬೆಳಿಗ್ಗೆ ಒಂಬತ್ತು. ಒಬ್ಬರು ಬೆಂಗಳೂರಿನ ತಂಡದ ಜೊತೆ ಸಭೆಯಲ್ಲಿದ್ದಾರೆ. ಇನ್ನೊಬ್ಬರು ಹಾವೇರಿಯಲ್ಲಿರುವ ಅಮ್ಮನ ಜೊತೆ ವಿಡಿಯೋದಲ್ಲಿ ಮಾತಾಡುತ್ತಿದ್ದಾರೆ. ಮೂರನೆಯವರು ಟಿವಿಯಲ್ಲಿ 4ಕೆ ಸಿನಿಮಾ ಹಾಕಿದ್ದಾರೆ. ನಾಲ್ಕನೆಯವರು ಈಗಷ್ಟೇ ಪ್ರವಾಸದಿಂದ ಬಂದು ಸ್ನಾನಕ್ಕೆ ಹೋಗಿದ್ದಾರೆ. ಅವರ ಫೋನು ಮಾತ್ರ ತನ್ನ ಪಾಡಿಗೆ ತಾನು ಇನ್ನೂರು ಫೋಟೋ, ಹತ್ತು ವಿಡಿಯೋಗಳನ್ನು ಮೇಲಕ್ಕೆ ಕಳಿಸುತ್ತಿದೆ.

ಸಿನಿಮಾಕ್ಕೆ ಸುಮಾರು 15 ಮೆಗಾಬಿಟ್, ಸಭೆಗೆ 4, ಅಮ್ಮನ ಕರೆಗೆ 2 ಅಥವಾ 3. ಎಲ್ಲಾ ಸೇರಿ 25 ದಾಟುವುದಿಲ್ಲ. ಮನೆಗೆ ಬರುವ ಸಂಪರ್ಕ 300 ಮೆಗಾಬಿಟ್‌ನದು. ಹಾಗಿದ್ದೂ ಸಭೆ ತಡವರಿಸುತ್ತದೆ, ಅಮ್ಮನ ಮುಖ ಕಲ್ಲಾಗುತ್ತದೆ. ಏಕೆ?

300 ಎನ್ನುವುದು ಒಳಗೆ ಬರುವ ವೇಗ. ಹೊರಗೆ ಹೋಗುವ ವೇಗ ಎಷ್ಟೋ ಕೇಬಲ್ ಯೋಜನೆಗಳಲ್ಲಿ 10 ಅಥವಾ 20 ಮಾತ್ರ. ಜಾಹೀರಾತಿನಲ್ಲಿ ಅದು ಸಣ್ಣ ಅಕ್ಷರದಲ್ಲಿರುತ್ತದೆ. ಆ ಕಿರುದಾರಿಯನ್ನು ಫೋನೊಂದೇ ತುಂಬಿಬಿಟ್ಟಿದೆ.

ಗಿರಣಿಯ ಸರದಿ

ಊರಿನ ಹಿಟ್ಟಿನ ಗಿರಣಿಯನ್ನು ನೆನೆಸಿಕೊಳ್ಳಿ. ಒಬ್ಬ ಹತ್ತು ಚೀಲ ಜೋಳ ತಂದು ಮುಂದೆ ನಿಂತಿದ್ದಾನೆ. ಹಿಂದೆ ನೀವು ಒಂದು ಸೇರು ರಾಗಿ ಹಿಡಿದು ನಿಂತಿದ್ದೀರಿ. ಗಿರಣಿ ಎಷ್ಟೇ ದೊಡ್ಡದಿರಲಿ, ಅವನದು ಮುಗಿಯುವವರೆಗೆ ನಿಮ್ಮದಿಲ್ಲ. ಹಳೆಯ ಮೋಡೆಮ್ ಮತ್ತು ರೌಟರುಗಳು ಮಾಡುವುದು ಇದನ್ನೇ. ಬಂದ ಪ್ಯಾಕೆಟ್‌ಗಳನ್ನೆಲ್ಲಾ ಒಂದೇ ಉದ್ದ ಸಾಲಿನಲ್ಲಿ ನಿಲ್ಲಿಸುತ್ತವೆ. ಫೋಟೋ ಎರಡು ಸೆಕೆಂಡು ತಡವಾದರೆ ಯಾರಿಗೂ ನಷ್ಟವಿಲ್ಲ, ಮಾತು ಅರ್ಧ ಸೆಕೆಂಡು ತಡವಾದರೆ ಸಂಭಾಷಣೆಯೇ ಕೆಡುತ್ತದೆ.

ಈ ತೊಂದರೆಗೆ ತಂತ್ರಜ್ಞರು ಇಟ್ಟ ಹೆಸರು ಬಫರ್‌ಬ್ಲೋಟ್. ಇದಕ್ಕೆ ಮದ್ದಾಗಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಕೋಡೆಲ್ ಎಂಬ ವಿಧಾನ ಪ್ರಕಟಿಸಿದರು. ಅದನ್ನು ಬೆಳೆಸಿ ಮಾಡಿದ ಎಫ್‌ಕ್ಯು-ಕೋಡೆಲ್ 2018ರ ಜನವರಿಯಲ್ಲಿ ಆರ್‌ಎಫ್‌ಸಿ 8290 ಆಗಿ ಹೊರಬಂತು. ಇದು ಜಾಣ ಗಿರಣಿಯವನ ಹಾಗೆ ಎಲ್ಲರಿಂದಲೂ ಒಂದೊಂದು ಸೇರು ತೆಗೆದುಕೊಂಡು ಸರದಿಯ ಮೇಲೆ ಬೀಸುತ್ತದೆ. ಹತ್ತು ಚೀಲದವನಿಗೆ ಹೆಚ್ಚು ನಷ್ಟವಿಲ್ಲ, ಒಂದು ಸೇರಿನವರು ಬೇಗ ಮನೆ ಸೇರುತ್ತಾರೆ.

ಹಾಗಾಗಿ ರೌಟರ್ ಕೊಳ್ಳುವಾಗ ವಿವರಪಟ್ಟಿಯಲ್ಲಿ ಎಸ್‌ಕ್ಯುಎಂ, ಎಫ್‌ಕ್ಯು-ಕೋಡೆಲ್ ಅಥವಾ ಕೇಕ್ ಎಂಬ ಹೆಸರುಗಳನ್ನು ಹುಡುಕಿ. ಬರೀ ‘ಕ್ಯುಒಎಸ್’ ಎಂದಿದ್ದರೆ ಅದು ಇದೇ ಎಂದು ನಂಬಬೇಡಿ. ಇದನ್ನು ಹೊಂದಿಸುವಾಗ ನಿಮ್ಮ ಸಂಪರ್ಕದ ಅಳೆದ ವೇಗದ ಶೇಕಡ 90ರಷ್ಟನ್ನು ಮಿತಿಯಾಗಿ ಕೊಡಿ. ಆಗ ಸಾಲು ಮೋಡೆಮ್‌ನಲ್ಲಿ ಬೆಳೆಯದೆ ರೌಟರ್‌ನ ಹಿಡಿತದಲ್ಲೇ ಉಳಿಯುತ್ತದೆ. ಒಂದು ಎಚ್ಚರಿಕೆ: ಈ ಕೆಲಸಕ್ಕೆ ರೌಟರ್‌ನ ಪ್ರೊಸೆಸರ್ ದುಡಿಯಬೇಕು. ಗಿಗಾಬಿಟ್ ಸಂಪರ್ಕಕ್ಕೆ ಅಗ್ಗದ ರೌಟರಿನಿಂದ ಅದು ಆಗದು. ಅಂಥಲ್ಲಿ ಹೊರಹೋಗುವ ದಿಕ್ಕಿಗಷ್ಟೇ ಹಾಕಿದರೂ ಸಾಕು.

ನಿಮ್ಮ ಮನೆಯಲ್ಲಿ ಈ ತೊಂದರೆ ಇದೆಯೇ ಎಂದು ತಿಳಿಯುವುದು ಸುಲಭ. ರೌಟರಿಗೆ ತಂತಿ ಹಾಕಿದ ಲ್ಯಾಪ್‌ಟಾಪಿನಲ್ಲಿ ಪಿಂಗ್ ಓಡಿಸಿ. ಸುಮ್ಮನಿದ್ದಾಗ 20 ಮಿಲಿಸೆಕೆಂಡು ಇದ್ದದ್ದು, ದೊಡ್ಡ ವಿಡಿಯೋ ಒಂದನ್ನು ಮೇಲಕ್ಕೆ ಕಳಿಸುವಾಗ 300 ದಾಟಿದರೆ, ಸಮಸ್ಯೆ ಸರದಿಯದು. ಹೆಚ್ಚು ದುಡ್ಡು ಕೊಟ್ಟು ಡೌನ್‌ಲೋಡ್ ಹೆಚ್ಚಿಸಿಕೊಂಡರೆ ಅದು ಹೋಗುವುದಿಲ್ಲ.

ಮೂರು ಕೆಲಸ, ಒಂದು ಡಬ್ಬಿ

ಮೋಡೆಮ್ ಹೊರಗಿನ ತಂತಿಯ ಭಾಷೆಯನ್ನು ಒಳಗಿನ ಭಾಷೆಗೆ ತಿರುಗಿಸುತ್ತದೆ. ರೌಟರ್ ದಾರಿ ಹಂಚುತ್ತದೆ, ಬಾಗಿಲು ಕಾಯುತ್ತದೆ. ಆಕ್ಸೆಸ್ ಪಾಯಿಂಟ್ ವೈ-ಫೈ ಬೀರುತ್ತದೆ. ಕಂಪನಿಯವರು ಕೊಡುವ ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರೂ ಸೇರಿರುತ್ತವೆ. ಬೇರೆ ಬೇರೆ ಇದ್ದರೆ ಒಂದು ಹಳತಾದಾಗ ಅದನ್ನಷ್ಟೇ ಬದಲಿಸಬಹುದು.

ಗ್ರಾಹಕರಾಗಿ ನಮ್ಮ ಹಕ್ಕು ಏನೆಂಬುದೂ ತಿಳಿದಿರಲಿ. ಅಮೆರಿಕದಲ್ಲಿ 2019ರ ಕೊನೆಯಲ್ಲಿ ಬಂದ ಕಾನೂನೊಂದು 2020ರ ಡಿಸೆಂಬರ್‌ನಿಂದ ಜಾರಿಯಾಯಿತು. ನೀವು ನಿಮ್ಮದೇ ಉಪಕರಣ ಬಳಸುತ್ತಿದ್ದರೆ ಕಂಪನಿ ಅದಕ್ಕೆ ಬಾಡಿಗೆ ಹಾಕುವಂತಿಲ್ಲ. ಜರ್ಮನಿಯಲ್ಲಿ 2016ರ ಆಗಸ್ಟ್ 1ರಿಂದ ಸ್ವಂತ ರೌಟರ್ ಆರಿಸುವ ಹಕ್ಕಿದೆ. ತಿಂಗಳಿಗೆ 15 ಡಾಲರ್ ಬಾಡಿಗೆ ಎಂದಿಟ್ಟುಕೊಂಡರೂ ವರ್ಷಕ್ಕೆ 180 ಡಾಲರ್ ಆಯಿತು! ಕೇಬಲ್ ಮೋಡೆಮ್ ಕೊಳ್ಳುವವರು ಡಾಕ್ಸಿಸ್ 3.1 ಇರುವುದನ್ನೇ ಕೊಳ್ಳಿ. ನಿಮ್ಮ ಕಂಪನಿ ಒಪ್ಪುವ ಮಾದರಿಗಳ ಪಟ್ಟಿಯನ್ನು ಮೊದಲು ನೋಡಿ. ಕಂಪನಿಯ ಡಬ್ಬಿಯನ್ನು ಉಳಿಸಿಕೊಂಡು ನಿಮ್ಮ ರೌಟರನ್ನೂ ಹಾಕುವುದಾದರೆ ಆ ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿ. ಇಲ್ಲದಿದ್ದರೆ ಒಂದರ ಹಿಂದೊಂದು ಎರಡು ರೌಟರ್ ಕೂತು ಒಂದೇ ಕೆಲಸಕ್ಕೆ ಕಚ್ಚಾಡುತ್ತವೆ.

ತಂತಿ ಮೊದಲು, ವೈ-ಫೈ ಆಮೇಲೆ

ಕದಲದ ವಸ್ತುಗಳಿಗೆಲ್ಲಾ ತಂತಿ ಎಳೆಯಿರಿ: ಟಿವಿ, ಕಚೇರಿ ಮೇಜು, ಎರಡನೇ ಆಕ್ಸೆಸ್ ಪಾಯಿಂಟ್. ಕ್ಯಾಟ್ 5ಇ ತಂತಿಯೇ 100 ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತದೆ. ಅಗ್ಗವೆಂದು ‘ಸಿಸಿಎ’ ಎಂದು ಬರೆದಿರುವ ತಂತಿ ಕೊಳ್ಳಬೇಡಿ. ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಬಾಡಿಗೆ ಮನೆ, ಗೋಡೆ ಕೊರೆಯುವಂತಿಲ್ಲ ಎನ್ನುತ್ತೀರಾ? ಅಮೆರಿಕದ ಬಹಳಷ್ಟು ಮನೆಗಳಲ್ಲಿ ಕೋಣೆಕೋಣೆಗೂ ಕೇಬಲ್ ಟಿವಿಯ ಕೋಆಕ್ಸ್ ತಂತಿ ಮೊದಲೇ ಇರುತ್ತದೆ. ಎರಡು ಮೋಕಾ ಅಡಾಪ್ಟರ್ ಹಾಕಿದರೆ ಅದೇ ನಿಮ್ಮ ಜಾಲದ ತಂತಿ. ಸಂಕೇತ ಪಕ್ಕದ ಮನೆಗೆ ಸೋರದಂತೆ ತಂತಿ ಮನೆಯೊಳಗೆ ಬರುವ ಜಾಗದಲ್ಲಿ ಮೋಕಾ ಫಿಲ್ಟರ್ ಒಂದನ್ನು ಹಾಕಲು ಮರೆಯಬೇಡಿ.

ಮೆಶ್ ಎಂದು ಮೂರು ಡಬ್ಬಿಗಳ ಜೋಡಿ ಮಾರುತ್ತಾರೆ. ತಂತಿಯಿಲ್ಲದೆ ಒಂದರಿಂದ ಒಂದಕ್ಕೆ ದಾಟಿಸುವಾಗ ಅದೇ ರೇಡಿಯೋ ಎರಡು ಬಾರಿ ದುಡಿಯಬೇಕು. ಆಗ ವೇಗ ಅರ್ಧಕ್ಕಿಳಿಯುತ್ತದೆ. ತಂತಿಯಿಂದ ಜೋಡಿಸಿದ ಎರಡು ಸಾಧಾರಣ ಡಬ್ಬಿಗಳು ತಂತಿಯಿಲ್ಲದ ಮೂರು ದುಬಾರಿ ಡಬ್ಬಿಗಳಿಗಿಂತ ಎಷ್ಟೋ ಮೇಲು.

ಗೋಡೆಯ ಗುಣವನ್ನೂ ನೋಡಬೇಕು. ಅಮೆರಿಕದ ಮರ ಮತ್ತು ಜಿಪ್ಸಂ ಗೋಡೆಗಳನ್ನು ವೈ-ಫೈ ಸುಲಭವಾಗಿ ದಾಟುತ್ತದೆ. ಕೊಲ್ಲಿ ನಾಡುಗಳ ಕಾಂಕ್ರೀಟ್ ಗೋಡೆ, ಲಂಡನ್ನಿನ ಹಳೆಯ ಇಟ್ಟಿಗೆ ಗೋಡೆ ಹಾಗಲ್ಲ. ಸಿಂಗಪುರದ ಹೊಸ ಎಚ್‌ಡಿಬಿ ಮನೆಗಳಲ್ಲಿ ದಪ್ಪ ಕಾಂಕ್ರೀಟಿನ ಆಶ್ರಯ ಕೋಣೆ ಇರುತ್ತದೆ. ದಯವಿಟ್ಟು ರೌಟರನ್ನು ಅದರೊಳಗೆ ಇಡಬೇಡಿ! ಮನೆಯ ನಡುವೆ, ಎದೆಯೆತ್ತರದಲ್ಲಿ, ಬಯಲಾಗಿ ಇಡಿ. 2.4 ಗಿಗಾಹರ್ಟ್ಸ್‌ನಲ್ಲಿ 1, 6, 11 ಈ ಮೂರರಲ್ಲಿ ಒಂದು ಚಾನೆಲ್ ಆರಿಸಿ. ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಇವು. ಕೆಲಸದ ಲ್ಯಾಪ್‌ಟಾಪ್ 5 ಗಿಗಾಹರ್ಟ್ಸ್‌ನಲ್ಲಿರಲಿ.

ಡಬ್ಬಿಯ ಮೇಲಿನ ಅಂಕಿ

‘ಎಎಕ್ಸ್ 5400’ ಎಂದು ಬರೆದಿರುತ್ತದೆ. ಅದು 2.4 ಗಿಗಾಹರ್ಟ್ಸ್‌ನ 574 ಮತ್ತು 5 ಗಿಗಾಹರ್ಟ್ಸ್‌ನ 4804 ಇವೆರಡರ ಮೊತ್ತ. ಅಂಗಡಿಯವರು ಕೂಡಿಸಿ, ಮೇಲಕ್ಕೆ ಸರಿಸಿ ಬರೆದಿದ್ದಾರೆ. ನಿಮ್ಮ ಲ್ಯಾಪ್‌ಟಾಪ್ ಒಂದು ಹೊತ್ತಿಗೆ ಒಂದು ಬ್ಯಾಂಡ್‌ನಲ್ಲಿರುತ್ತದೆ. ಅದರಲ್ಲಿರುವುದು ಸಾಮಾನ್ಯವಾಗಿ ಎರಡೇ ಆಂಟೆನಾ. ನಾಲ್ಕು ಆಂಟೆನಾದ ಲೆಕ್ಕ ಅದಕ್ಕೆ ಸಿಗುವುದೇ ಇಲ್ಲ. ಹಂಚಿಕೊಂಡ ಮನೆಗೆ ಇಂದು ವೈ-ಫೈ 6 ಧಾರಾಳವಾಗಿ ಸಾಕು. ವೈ-ಫೈ 7ರ ಪ್ರಮಾಣೀಕರಣ 2024ರ ಜನವರಿಯಲ್ಲಿ ಶುರುವಾಗಿದೆ. ನಿಮ್ಮ ಫೋನು, ಲ್ಯಾಪ್‌ಟಾಪ್ ಎರಡರಲ್ಲೂ ಅದಿಲ್ಲದಿದ್ದರೆ ಅದಕ್ಕೆಂದು ದುಡ್ಡು ಸುರಿಯಬೇಕಿಲ್ಲ.

ಆ ದುಡ್ಡನ್ನು ಭದ್ರತೆಯ ಕಡೆ ತಿರುಗಿಸಿ. 2018ರ ಮೇ ತಿಂಗಳಲ್ಲಿ ವಿಪಿಎನ್‌ಫಿಲ್ಟರ್ ಎಂಬ ಕೇಡಿನ ತಂತ್ರಾಂಶ ಬಯಲಾಯಿತು. ಕನಿಷ್ಠ 54 ದೇಶಗಳ ಸುಮಾರು 5 ಲಕ್ಷ ರೌಟರ್ ಮತ್ತಿತರ ಉಪಕರಣಗಳಲ್ಲಿ ಅದು ಹೊಕ್ಕಿತ್ತು. ರೌಟರ್‌ಗಳನ್ನು ಒಮ್ಮೆ ಆರಿಸಿ ಹಚ್ಚಿ ಎಂದು ಅಮೆರಿಕದ ಎಫ್‌ಬಿಐ ಜನರನ್ನು ಕೇಳಿಕೊಳ್ಳಬೇಕಾಯಿತು. ಆದ್ದರಿಂದ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ: ಈ ಮಾದರಿಗೆ ಎಲ್ಲಿಯವರೆಗೆ ಅಪ್‌ಡೇಟ್ ಕೊಡುತ್ತೀರಿ? ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ತಯಾರಕರು ಆ ಅವಧಿಯನ್ನು ಹೇಳಲೇಬೇಕು, ಎಲ್ಲಾ ಡಬ್ಬಿಗಳಿಗೂ ಒಂದೇ ಗುಪ್ತಪದ ಇಡುವಂತಿಲ್ಲ. ಇನ್ನೊಂದು ದಾರಿ ಓಪನ್‌ಡಬ್ಲ್ಯುಆರ್‌ಟಿ. 2003ರಲ್ಲಿ ಲಿಂಕ್‌ಸಿಸ್‌ನ ಡಬ್ಲ್ಯುಆರ್‌ಟಿ54ಜಿ ರೌಟರಿನ ಮೂಲಸಂಕೇತ ಬಿಡುಗಡೆಯಾದ ಮೇಲೆ, 2004ರಲ್ಲಿ ಶುರುವಾದ ಮುಕ್ತ ತಂತ್ರಾಂಶ ಇದು. ಮೇಲೆ ಹೇಳಿದ ಎಸ್‌ಕ್ಯುಎಂ ಕೂಡ ಇದರಲ್ಲಿ ಸಿಗುತ್ತದೆ. ಇದು ಒಪ್ಪುವ ಮಾದರಿಯನ್ನು ಕೊಂಡರೆ ಕಂಪನಿ ಕೈಬಿಟ್ಟರೂ ಡಬ್ಬಿ ಬದುಕಿರುತ್ತದೆ.

ಕನ್ನಡದ ಹೆಸರು, ಕನ್ನಡದ ಗುಪ್ತಪದ

ವೈ-ಫೈ ಹೆಸರನ್ನು ಕನ್ನಡದಲ್ಲೇ ಇಡಬಹುದೇ? ಇಡಬಹುದು. ಹೆಸರಿಗೆ ಮಿತಿ 32 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಅಕ್ಷರ, ಒತ್ತಿಗೆ ಬೇಕಾದ ವಿರಾಮ ಚಿಹ್ನೆ, ಸ್ವರ ಚಿಹ್ನೆ ಎಲ್ಲವೂ ಲೆಕ್ಕಕ್ಕೆ. ‘ನಮ್ಮ ಮನೆ’ ಎಂದರೆ 22 ಬೈಟ್, ಹಾಯಾಗಿ ಹಿಡಿಸುತ್ತದೆ. ಕೆಲವು ಹಳೆಯ ಪ್ರಿಂಟರ್‌ಗಳು ಮಾತ್ರ ಓದಲು ತಡಬಡಿಸಬಹುದು.

ಗುಪ್ತಪದದ ಕತೆ ಬೇರೆ. ಡಬ್ಲ್ಯುಪಿಎ2 ಒಪ್ಪುವುದು 8ರಿಂದ 63 ರೋಮನ್ ಅಕ್ಷರ, ಅಂಕಿ, ಚಿಹ್ನೆಗಳನ್ನು ಮಾತ್ರ. ಆದರೆ ಪದಗಳು ನಮ್ಮವೇ ಇರಬಹುದಲ್ಲ! ಹುಣಸೆ, ಚಕ್ಕಡಿ, ಮಜ್ಜಿಗೆ, ಗುಬ್ಬಿ ಹೀಗೆ ಸಂಬಂಧವೇ ಇಲ್ಲದ ನಾಲ್ಕೈದು ಪದಗಳನ್ನು ರೋಮನ್ ಲಿಪಿಯಲ್ಲಿ ಕೂಡಿಸಿ. ಇವನ್ನೇ ಇಡಬೇಡಿ, ಗಾದೆ ಅಥವಾ ಹಾಡಿನ ಸಾಲೂ ಬೇಡ. ದೀರ್ಘಕ್ಕೆ ಒಂದು ‘ಎ’ಯೋ ಎರಡೋ ಎಂದು ನಾಲ್ವರೂ ಮೊದಲೇ ಒಪ್ಪಿಕೊಳ್ಳಿ, ಇಲ್ಲದಿದ್ದರೆ ಧಾರವಾಡದವರೂ ಮಂಗಳೂರಿನವರೂ ಅದರ ಮೇಲೇ ವಾದಕ್ಕಿಳಿಯುತ್ತಾರೆ! ಡಬ್ಲ್ಯುಪಿಎ3 ಇದ್ದರೆ ಅದನ್ನೇ ಆರಿಸಿ.

ಮನೆಮಂದಿಯ ಒಪ್ಪಂದ

ಕೊನೆಯದಾಗಿ, ಯಾವ ಅಂಗಡಿಯಲ್ಲೂ ಸಿಗದ ಉಪಕರಣ: ಒಂದು ಹಾಳೆ ಕಾಗದ. ಅದರಲ್ಲಿ ನಾಲ್ಕು ಸಾಲು ಬರೆದು ಫ್ರಿಜ್ಜಿಗೆ ಅಂಟಿಸಿ.

1. ಮೋಡೆಮ್, ರೌಟರ್ ಯಾರ ಸ್ವತ್ತು? ಮನೆ ಬಿಡುವವರಿಗೆ ಎಷ್ಟು ಮರಳಿಸಬೇಕು?

2. ಸಂಪರ್ಕ ಯಾರ ಹೆಸರಿನಲ್ಲಿದೆ? ಅಮೆರಿಕದಲ್ಲಿ ಕದ್ದ ಸಿನಿಮಾ ಇಳಿಸಿದ್ದಕ್ಕೆ ಬರುವ ನೋಟಿಸ್ ಇಳಿಸಿದವರ ಹೆಸರಿಗೆ ಬರುವುದಿಲ್ಲ, ಖಾತೆದಾರರ ಹೆಸರಿಗೆ ಬರುತ್ತದೆ. ವೀಸಾದ ಮೇಲಿರುವವರಿಗೆ ಇಂಥ ತಲೆನೋವು ಯಾಕೆ ಬೇಕು?

3. ರೌಟರ್‌ನ ಒಳಗುಪ್ತಪದ ಯಾರ ಬಳಿ? ಕನಿಷ್ಠ ಇಬ್ಬರ ಬಳಿ ಇರಲಿ. ಒಬ್ಬರು ಮನೆ ಬಿಟ್ಟ ದಿನ ಬದಲಾಗಲಿ.

4. ಅತಿಥಿಗಳು, ಟಿವಿ, ದೀಪ, ಕ್ಯಾಮೆರಾ ಇವೆಲ್ಲಾ ಗೆಸ್ಟ್ ಜಾಲದಲ್ಲಿರಲಿ. ಕಚೇರಿಯ ಲ್ಯಾಪ್‌ಟಾಪ್ ಅವುಗಳ ಜೊತೆ ಒಂದೇ ಪಂಕ್ತಿಯಲ್ಲಿ ಕೂರುವುದು ಬೇಡ.

ಒಟ್ಟಿನಲ್ಲಿ ಖರೀದಿಯ ಕ್ರಮ ಇಷ್ಟು: ಮೊದಲು ಪಿಂಗ್ ಪರೀಕ್ಷೆ, ಆಮೇಲೆ ತಂತಿ, ಆಮೇಲೆ ಜಾಗ, ಆಮೇಲೆ ಸರದಿ ಬಲ್ಲ ರೌಟರ್. ಇಷ್ಟೂ ಆದ ಮೇಲೂ ಸಾಲದಿದ್ದರೆ ಮಾತ್ರ ದೊಡ್ಡ ಯೋಜನೆ. ಬಹಳ ಮನೆಗಳು ಆ ಕೊನೆಯ ಮೆಟ್ಟಿಲನ್ನು ಹತ್ತಬೇಕಾಗುವುದೇ ಇಲ್ಲ. ಈ ವಾರಾಂತ್ಯ ಮನೆಯವರೆಲ್ಲಾ ಕೂತು ಪರೀಕ್ಷೆ ಮಾಡಿ. ಬಂದ ಅಂಕಿಗಳನ್ನು ಬಳಗಕ್ಕೆ ಮಿಂಚೆ ಮಾಡಿ. ಒಬ್ಬರ ಮನೆಯ ಅನುಭವ ಇನ್ನೊಬ್ಬರ ದುಡ್ಡು ಉಳಿಸಲಿ.