ಕೆರೆದ ಬಣ್ಣ ಮತ್ತೆ ಬರಲ್ಲ

ಇವತ್ತು ರಾಜಕೀಯ ಬೇಡ. ಒಂದು ಹಳೇ ಕಾರಿನ ವಿಚಾರ ಮಾತಾಡೋಣ.

ಗುಳೇದಗುಡ್ಡ ಅಂದ ಕೂಡಲೇ ನಿಮಗೆ ನೆನಪಾಗೋದು ಖಣ. ಇಳಕಲ್ ಸೀರೆಗೆ ಜೋಡಿಯಾಗೋ ಕುಬಸದ ಖಣ. ಮಗ್ಗದವರ ಕಷ್ಟಸುಖ ಕೇಳೋಕೆ ಅಂತ ಆ ಊರಿಗೆ ಹೋಗಿದ್ದೆ. ಒಬ್ಬ ಹಿರಿಯ ಖಣದ ವ್ಯಾಪಾರಿಗಳ ಮನೆ ಹಿತ್ತಲಲ್ಲಿ ತಗಡಿನ ಶೆಡ್ಡು. ಒಳಗೆ ತಾಡಪತ್ರಿ ಹೊದ್ದು ನಿಂತಿತ್ತು ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್.

ಇವತ್ತಿನ ಹುಡುಗರಿಗೆ ಈ ಹೆಸರು ಗೊತ್ತಿರಲಿಕ್ಕಿಲ್ಲ. 1961ರಲ್ಲಿ ಮದ್ರಾಸಿನಲ್ಲಿ ತಯಾರಾಗೋಕೆ ಶುರುವಾದ ಕಾರು. ಇಟಲಿಯ ಮಿಕೆಲೊಟ್ಟಿ ಬರೆದ ವಿನ್ಯಾಸ. ಬಾನೆಟ್ ಇಡಿಯಾಗಿ ಮುಂದಕ್ಕೆ ಮಗುಚಿಕೊಳ್ಳುತ್ತೆ. ಇದೇ ಹೆರಾಲ್ಡ್‌ನ ಚಾಸಿಸ್ ಗಿಡ್ಡ ಮಾಡಿ ಇಂಗ್ಲೆಂಡಿನವರು 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಅನ್ನೋ ಸ್ಪೋರ್ಟ್ಸ್ ಕಾರು ಕಟ್ಟಿದರು. ಅಂದ್ರೆ ನಮ್ಮ ಹಿತ್ತಲಲ್ಲಿ ನಿಂತಿದ್ದು ಸ್ಪೋರ್ಟ್ಸ್ ಕಾರಿನ ಒಡಹುಟ್ಟಿದ್ದು!

ಮನೆಯಲ್ಲಿ ಜಗಳ ನಡೆದಿತ್ತು. ಮೊಮ್ಮಗನ ಮದುವೆ. ಅವನ ಮಾತು: ‘ಅಜ್ಜಾ, ಬಣ್ಣ ಎಲ್ಲಾ ಮಾಸಿ ಹೋಗೇತಿ. ಕೆರದು ಮೆಟಾಲಿಕ್ ಕೆಂಪು ಹೊಡಸೂಣು.’ ಅಜ್ಜ ಹೇಳಿದ್ದು ಒಂದೇ ಮಾತು: ‘ತಮ್ಮಾ, ಬಣ್ಣ ಸತ್ತಿಲ್ಲ. ಮಾರಿ ತೊಳದಿಲ್ಲ, ಅಷ್ಟ.’

ಯಾರು ಸರಿ? ಈ ವಿಷಯದಲ್ಲಿ ಅಜ್ಜನೇ ಸರಿ ಸ್ವಾಮಿ. ಯಾಕೆ ಅಂತ ಹೇಳ್ತೀನಿ ಕೇಳಿ.

ಈಗಿನ ಕಾರಿಗೆ ಬಣ್ಣದ ಮೇಲೆ ಗಾಜಿನಂಥ ಇನ್ನೊಂದು ಪದರ ಇರುತ್ತೆ. ಆ ಕಾಲದ ಕಾರಿಗೆ ಅದಿಲ್ಲ. ಬಣ್ಣವೇ ಹೊಳಪು, ಹೊಳಪೇ ಬಣ್ಣ. ಬಿಸಿಲಿಗೆ, ಗಾಳಿಗೆ ಮೇಲಿನ ತೆಳು ಪೊರೆ ಸುಣ್ಣದ ಪುಡಿ ಥರ ಆಗುತ್ತೆ. ಕೆಳಗೆ ಅಸಲಿ ಬಣ್ಣ ಹಾಗೇ ಕೂತಿರುತ್ತೆ. ಮೊದಲು ಮೆದು ಸೋಪಿನ ನೀರಲ್ಲಿ ತೊಳೀಬೇಕು. ಆಮೇಲೆ ಅಂಗೈಯಗಲ ಜಾಗದಲ್ಲಿ ಮಾತ್ರ ಮೆದು ಪಾಲಿಶ್ ಹಚ್ಚಿ, ಹತ್ತಿ ಬಟ್ಟೆಯಿಂದ ಕೈಯಲ್ಲೇ ತಿಕ್ಕಿ ನೋಡಬೇಕು. ಬಟ್ಟೆಗೆ ಕಾರಿನ ಬಣ್ಣವೇ ಹತ್ತಿದರೆ ಹೆದರಬೇಡಿ. ಹಳೇ ಬಣ್ಣದ ಗುಣವೇ ಅದು. ಆದರೆ ಆ ಪದರ ಎಷ್ಟು ದಪ್ಪ? ಹೆಚ್ಚುಕಡಿಮೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ! ಅಂಚುಗಳಲ್ಲಿ ಇನ್ನೂ ತೆಳು. ಮಷೀನ್ ಹಿಡಿದು ಒರಟು ಕಾಂಪೌಂಡ್ ಹಾಕಿ ತಿಕ್ಕಿದರೆ ಹತ್ತು ನಿಮಿಷದಲ್ಲಿ ತಗಡು ಕಾಣುತ್ತೆ.

ತುಕ್ಕು ತಿಂದಿದ್ದರೆ? ಅಲ್ಲಿಗಷ್ಟೇ ಪ್ರೈಮರ್, ಅಲ್ಲಿಗಷ್ಟೇ ಬಣ್ಣ. ಅಸಲಿ ಬಣ್ಣ ಯಾವುದು ಅಂತ ತಿಳೀಬೇಕಾದರೆ ಡಿಕ್ಕಿಯ ಮ್ಯಾಟ್ ಎತ್ತಿ ನೋಡಿ. ಬಿಸಿಲು ಕಾಣದ ಜಾಗದಲ್ಲಿ ಅದು ಸಾಕ್ಷಿ ಹೇಳುತ್ತೆ. ಹಾಗಂತ ಇಡೀ ಬಾಡಿ ತುಕ್ಕು ಹಿಡಿದು ತೂತು ಬಿದ್ದಿದ್ದರೆ ಹೊಸ ಬಣ್ಣ ಹೊಡೀಲೇಬೇಕು, ಅದರಲ್ಲಿ ತಪ್ಪಿಲ್ಲ. ಮಾಸಿದೆ ಅಂತ ಕೆರೆಯೋದು ತಪ್ಪು.

ಸರ್ಕಾರಕ್ಕೂ ಇದು ಗೊತ್ತು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು. ಚಾಸಿಸ್, ಬಾಡಿ, ಎಂಜಿನ್ ಮಾರ್ಪಾಡು ಮಾಡಿರಬಾರದು. ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಮೂಲ ರೂಪಕ್ಕೆ ಕಾನೂನೇ ಬೆಲೆ ಕಟ್ಟಿದೆ.

ಈಗ ಸ್ವಲ್ಪ ದೂರ ಬನ್ನಿ ನನ್ನ ಜೊತೆ. ಗುಳೇದಗುಡ್ಡದಿಂದ ಬಾದಾಮಿ ಎಷ್ಟು ದೂರ? ಗಂಟೆಯೊಳಗಿನ ದಾರಿ. ಅಲ್ಲಿನ ಮೂರನೇ ಗುಹೆ ಕ್ರಿ.ಶ. 578ರದ್ದು, ಚಾಲುಕ್ಯ ಮಂಗಳೇಶ ಮಾಡಿಸಿದ್ದು. ತಲೆಯೆತ್ತಿ ನೋಡಿ, ಚಾವಣಿಯಂಚಿನಲ್ಲಿ ಬಣ್ಣದ ಚಿತ್ರಗಳ ತುಣುಕು ಇನ್ನೂ ಉಳಿದಿವೆ. ಮಾಸಿವೆ, ಒಡೆದಿವೆ. ಅದರ ಮೇಲೆ ಹೊಸ ಪೇಂಟ್ ಬಳಿಯೋಣ ಅಂತ ಯಾರಾದರೂ ಅಂದರೆ ನಾವು ಸುಮ್ಮನಿರ್ತೀವಾ? ಹಾಗಾದರೆ ನಮ್ಮ ಮನೆಯ ಹಳೇ ವಸ್ತುಗಳ ಮೇಲೆ ಮಾತ್ರ ಯಾಕೆ ಅಷ್ಟು ಸಿಟ್ಟು?

ಆ ಅಜ್ಜ ಕೊನೆಗೆ ಒಂದು ಹಳೇ ಖಣ ತಂದು ತೋರಿಸಿದರು. ಸೂಜಿಮಲ್ಲಿಗೆ ಎಳೆ. ‘ಸಾಹೇಬ್ರ, ಇದರ ನಕಲು ಪವರ್‌ಲೂಮಿನ್ಯಾಗ ಸಿಗತೈತ್ರಿ. ಬಣ್ಣಾನೂ ಜೋರ ಇರತೈತಿ. ಆದ್ರ ಈ ಕೈಮಗ್ಗ ನಿಂತ್ರ ಇದನ್ನ ತಿರುಗಿ ಕಲಸೋರು ಯಾರ್ರಿ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾರಿನ ಕಥೆ, ಖಣದ ಕಥೆ ಬೇರೆಬೇರೆ ಅಲ್ಲ ಅಂತ ನನಗೆ ಆಗ ಗೊತ್ತಾಯ್ತು.

ನಾನು ಹೊರಡೋ ಹೊತ್ತಿಗೆ ಮೊಮ್ಮಗ ತಾನೇ ಒಂದು ಬಕೆಟ್ ನೀರು, ಒಂದು ತುಂಡು ಹತ್ತಿ ಬಟ್ಟೆ ತಂದಿದ್ದ. ಬಾಗಿಲ ಮೇಲೆ ಅಂಗೈಯಗಲ ಜಾಗ ತಿಕ್ಕಿದ. ಬೂದಿ ಬಣ್ಣದ ಕೆಳಗಿಂದ ತಿಳಿ ಹಸಿರು ಎದ್ದು ಬಂತು. ಹುಡುಗ ಮಾತೇ ಆಡಲಿಲ್ಲ. ಅಜ್ಜ ನಕ್ಕರು.

ವೀಕ್ಷಕರೇ, ಹೊಸದು ಬೇಡ ಅಂತ ನಾನು ಹೇಳ್ತಿಲ್ಲ. ಹೊಸದನ್ನ ಯಾವಾಗ ಬೇಕಾದರೂ ಕೊಳ್ಳಬಹುದು. ಅಸಲಿ ಸಿಗೋದು ಒಂದೇ ಸಲ. ನಿಮ್ಮ ಮನೆಯಲ್ಲೂ ಮಾಸಿದ್ದು ಏನಾದರೂ ಇದ್ದರೆ, ಕೆರೆಯೋ ಮೊದಲು ಅಂಗೈಯಗಲ ತೊಳೆದು ನೋಡಿ.